ಲಿಸ್ಬೆತ್ ಸಲಾಂದರ್ ಕಥೆಯ ಎರಡನೆಯ ಭಾಗ: ಮೊದಲು ಪುಸ್ತಕವೋ, ಚಿತ್ರವೋ?

ಕೇಳಿದವರು: ಸ್ಟೀಗ್ ಲಾರ್ಸನ್ ಅವರ ‘ಮಿಲೆನಿಯಮ್’ ಕಾದಂಬರಿಗಳನ್ನು ಆಧರಿಸಿದ ಮೊದಲ ಸ್ವೀಡಿಷ್ ಚಿತ್ರವನ್ನು ಕಳೆದ ವಾರ ನೋಡಿದೆ. ಕಥೆಯ ನಾಯಕಿ ಲಿಸ್ಬೆತ್ ಇನ್ನೂ ಮನಸ್ಸಿನಿಂದ ಇಳಿದಿಲ್ಲ. ಮುಂದಿನದು ‘ದಿ ಗರ್ಲ್ ಹೂ ಪ್ಲೇಡ್ ವಿತ್ ಫೈರ್’. ಓದಿ ನೋಡಲೇ, ನೋಡಿ ಓದಲೇ? ಅಮ್ಮನೂ ಜೊತೆಗೆ ಕೂರುತ್ತೇನೆ ಎನ್ನುತ್ತಿದ್ದಾರೆ. ನೋಡಿದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ಓದಿಯೇ ನೋಡಿ. ನಾನು ಮೊದಲು ಚಿತ್ರ ನೋಡಿ, ಆಮೇಲೆ ಓದುವಾಗ ಕೈ ಹಿಸುಕಿಕೊಂಡವಳು. ಕಾದಂಬರಿಯ ಆರಂಭದಲ್ಲಿ ಲಿಸ್ಬೆತ್ ಗ್ರೆನೆಡಾ ದ್ವೀಪದಲ್ಲಿರುತ್ತಾಳೆ. ಅಲ್ಲಿ ಚಂಡಮಾರುತ ಬೀಸುತ್ತದೆ, ಅವಳು ಗಣಿತದ ಕಗ್ಗಂಟಾದ ಫರ್ಮಾನ ಪ್ರಮೇಯದೊಡನೆ ಗುದ್ದಾಡುತ್ತಾಳೆ. 129 ನಿಮಿಷದ ಚಿತ್ರದಲ್ಲಿ ಅದಕ್ಕೆಲ್ಲ ಜಾಗವೆಲ್ಲಿ? ಸ್ಟಾಕ್‌ಹೋಮ್‌ಗೆ ಮರಳಿ ಹೊಸ ಮನೆಗೆ ಸಾಮಾನು ಕೊಳ್ಳುವ ಪುಟವೂ ಹಾಗೆಯೇ. ಮೇಜು, ಕುರ್ಚಿ, ಸೋಫಾ, ಹಾಸಿಗೆ ಎಂದು ಪಟ್ಟಿ ಉದ್ದಕ್ಕೆ ಸಾಗುತ್ತದೆ. ಬೇಸರವೆಂದು ಹಾರಿಸಬೇಡಿ. ಯಾರ ಹಂಗೂ ಇಲ್ಲದೆ ತಾನೇ ಆರಿಸಿದ ಮನೆಯಲ್ಲಿ ಅವಳು ಒಬ್ಬಳೇ ಕುಳಿತಿರುವುದನ್ನು ಆ ಪಟ್ಟಿಯಿಂದಲೇ ಕಂಡೆ. ಮುಂದೆ ಕೊಲೆಯ ಬಂದೂಕಿನ ಮೇಲೆ ಅವಳ ಬೆರಳಚ್ಚು ಸಿಕ್ಕಿ ಪೊಲೀಸರೆಲ್ಲ ಬೆನ್ನು ಹತ್ತಿದಾಗ, ಏನು ಕೈತಪ್ಪಿ ಹೋಗಲಿದೆ ಎಂಬುದು ಓದಿದವರಿಗೆ ಮಾತ್ರ ಚುರುಕ್ಕೆನ್ನುತ್ತದೆ.

ಎರಡನೆಯ ಉತ್ತರ: ಓದಲು ಸಮಯವಿಲ್ಲದಿದ್ದರೆ ಎರಡು ವಿಷಯ ತಿಳಿದು ಕುಳಿತರೂ ಸಾಕು. ಸ್ವೀಡನ್ನಿನಲ್ಲಿ 1999ರಿಂದ ಹಣ ಕೊಟ್ಟು ಲೈಂಗಿಕ ಸೇವೆ ಪಡೆಯುವವನು ಅಪರಾಧಿ, ಮಾರುವವಳಲ್ಲ. ಹೆಣ್ಣುಮಕ್ಕಳ ಸಾಗಾಟದ ಬಗ್ಗೆ ಕಥೆಯ ‘ಮಿಲೆನಿಯಮ್’ ಪತ್ರಿಕೆ ಹೊರತರಲಿರುವ ವರದಿಗೆ ದೊಡ್ಡ ಮನುಷ್ಯರು ಬೆವರುವುದು ಅದಕ್ಕೇ. ಇನ್ನೊಂದು, ಲಿಸ್ಬೆತ್‌ಳನ್ನು ನ್ಯಾಯಾಲಯ ಅಸಮರ್ಥಳೆಂದು ಘೋಷಿಸಿರುವುದರಿಂದ ಬೆಳೆದ ಹೆಣ್ಣಿಗೂ ಪಾಲಕನಿದ್ದಾನೆ. ಡಬ್ಬಿಂಗ್ ಬೇಡವೇ ಬೇಡ. ಲಿಸ್ಬೆತ್ ಆಗಿ ನಟಿಸಿರುವ ನೂಮಿ ರಾಪಾಸ್ ಮಾತನಾಡುವುದೇ ಕಡಿಮೆ, ಆ ನಾಲ್ಕು ಮಾತೂ ಅವರ ದನಿಯಲ್ಲೇ ಇರಲಿ.

ಮೂರನೆಯ ಉತ್ತರ: ಅಮ್ಮನಿಗೆ ಮೊದಲೇ ಹೇಳಿಬಿಡಿ. ಮೊದಲ ಚಿತ್ರದ ಅತ್ಯಾಚಾರದ ಪ್ರಸಂಗದ ನೆರಳು ಇಲ್ಲಿಯೂ ಇದೆ. ನಾನು ಹೇಳದೆ ಅಕ್ಕನನ್ನು ಕೂರಿಸಿದೆ. ಅವಳು ಎದ್ದು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತಳು. ಆ ತಪ್ಪನ್ನು ನೀವು ಮಾಡಬೇಡಿ.

ಮೂರನೆಯ ಚಿತ್ರವನ್ನೂ ಸಿದ್ಧವಾಗಿಟ್ಟುಕೊಳ್ಳಿ. ಎರಡನೆಯದು, ಮೂರನೆಯದು ಎರಡನ್ನೂ ನಿರ್ದೇಶಿಸಿದವರು ಡೇನಿಯಲ್ ಆಲ್ಫ್ರೆಡ್ಸನ್, ಎರಡೂ 2009ರಲ್ಲೇ ಬಂದವು. ಎರಡನೆಯದು ಕಥೆಯ ನಡುವೆಯೇ ನಿಲ್ಲುತ್ತದೆ. ಸಾಧ್ಯವಾದರೆ 2010ರ ಆರು ಕಂತುಗಳ ಟಿವಿ ಆವೃತ್ತಿ ಹುಡುಕಿ. ಪ್ರತಿ ಕಾದಂಬರಿಗೂ ಸುಮಾರು ತೊಂಬತ್ತು ನಿಮಿಷದ ಎರಡು ಕಂತುಗಳಿವೆ. ಚಿತ್ರದಲ್ಲಿ ಓಡುವ ತನಿಖೆ ಅಲ್ಲಿ ಸಾವಧಾನವಾಗಿ ನಡೆಯುತ್ತದೆ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಪುಸ್ತಕ ತರಿಸಿದ್ದೇನೆ. ಅಮ್ಮನಿಗೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಹುಡುಗಿ ಕೊನೆಗೆ ಬದುಕುತ್ತಾಳೆ ತಾನೇ? ಅಷ್ಟು ಹೇಳು, ಕೂರುತ್ತೇನೆ” ಎಂದರು.