ಸಹಾಯ ಬೇಕು: ನೆಟ್ ಇಲ್ಲದೆ ತೋರಿಸಬಹುದಾದ ಆವರ್ತ ಕೋಷ್ಟಕ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆ ಪ್ರಥಮ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಜಾಸ್ತಿ ಮಕ್ಕಳು ಕನ್ನಡ ಮಾಧ್ಯಮದಿಂದ ಬಂದವರು. ಬಾಯಲ್ಲಿ ಹೇಳಿದ್ದಕ್ಕಿಂತ ಪರದೆ ಮೇಲೆ ತೋರಿಸಿದ್ದು ಅವರಿಗೆ ಬೇಗ ತಲೆಗೆ ಹೋಗುತ್ತದೆ.

ಪಬ್‌ಕೆಮ್ ಅಂತ ರಾಸಾಯನಿಕಗಳ ಮಾಹಿತಿ ಕೊಡುವ ಉಚಿತ ಜಾಲತಾಣವಿದೆ, ಅದರ ಆವರ್ತ ಕೋಷ್ಟಕ ನೋಡಿದೆ. 118 ಧಾತುಗಳ ವಿವರವನ್ನೂ ಸಿಎಸ್‌ವಿ ಫೈಲ್ (ಎಕ್ಸೆಲ್‌ನಲ್ಲಿ ತೆರೆಯುವಂಥದ್ದು) ಆಗಿ ಇಳಿಸಿಕೊಳ್ಳಬಹುದು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು, ನೆಟ್‌ವರ್ಕು ಎರಡನ್ನೂ ನಂಬುವ ಹಾಗಿಲ್ಲ, ಹಾಗಾಗಿ ಇದು ತುಂಬಾ ಅನುಕೂಲ. ಆ ಫೈಲಿನಿಂದ ಗ್ರಾಫ್ ಮಾಡಿಕೊಂಡೆ. ಅಯಾನೀಕರಣ ಶಕ್ತಿಯದ್ದು (ಪರಮಾಣುವಿನಿಂದ ಎಲೆಕ್ಟ್ರಾನ್ ಕೀಳಲು ಬೇಕಾದ ಶಕ್ತಿ) ಚೆನ್ನಾಗಿ ಬಂತು. ಸಾರಜನಕಕ್ಕಿಂತ ಆಮ್ಲಜನಕದ್ದು ಕಡಿಮೆ ಇರುವುದು ಎದ್ದು ಕಾಣುತ್ತದೆ.

ತೊಡಕಾಗಿದ್ದು ಪರಮಾಣು ತ್ರಿಜ್ಯದಲ್ಲಿ. ಪಠ್ಯಪುಸ್ತಕದಲ್ಲಿ ಬೆರಿಲಿಯಂ 111, ಬೋರಾನ್ 88 ಪಿಕೋಮೀಟರ್. ಎಡದಿಂದ ಬಲಕ್ಕೆ ಹೋದ ಹಾಗೆ ಕಡಿಮೆ, ಪಾಠವೂ ಅದೇ. ಪಬ್‌ಕೆಮ್‌ನಲ್ಲಿ ಬೆರಿಲಿಯಂ 153, ಬೋರಾನ್ 192! ಅಲ್ಲಿರುವುದು ವಾನ್ ಡರ್ ವಾಲ್ಸ್ ತ್ರಿಜ್ಯ, ಅಂದರೆ ಬಂಧವಿಲ್ಲದೆ ಪಕ್ಕಪಕ್ಕ ಇರುವ ಪರಮಾಣುಗಳದ್ದು; ಪುಸ್ತಕದ್ದು ಬಂಧದಲ್ಲಿರುವ ಪರಮಾಣುವಿನದ್ದು. ನನಗೇನೋ ಗೊತ್ತು, ಆದರೆ ಆಗಷ್ಟೇ ನಿಯಮ ಕಲಿತ ಮಕ್ಕಳಿಗೆ ಈ ಗ್ರಾಫ್ ತೋರಿಸಿದರೆ ಪೂರ್ತಿ ಗೊಂದಲ ಅಲ್ವಾ? ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿಯ ಕೋಷ್ಟಕದಲ್ಲಿ ವಿಡಿಯೋಗಳೂ ಇವೆ, ಬಹಳ ಚೆನ್ನಾಗಿದೆ. ಆದರೆ ಅದನ್ನು ಕ್ಲಾಸಲ್ಲಿ ತೋರಿಸಲು ನೆಟ್ ಬೇಕೇ ಬೇಕು.

ಕೋವೇಲೆಂಟ್ ತ್ರಿಜ್ಯದ (ಬಂಧದಲ್ಲಿರುವ ಪರಮಾಣುವಿನ ತ್ರಿಜ್ಯದ) ಅಂಕಿಗಳಿರುವ, ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆ ನಡೆಯುವ ಉಚಿತ ಕೋಷ್ಟಕ ಯಾವುದಾದರೂ ಇದೆಯಾ? ಧಾತುಗಳ ಹೆಸರು ಕನ್ನಡದಲ್ಲೂ ಇದ್ದರೆ ಇನ್ನೂ ಒಳ್ಳೆಯದು. ಕ್ಲಾಸಲ್ಲಿ ಬಳಸಿ ನೋಡಿದ ಮೇಷ್ಟ್ರು, ಮೇಡಂಗಳು ದಯವಿಟ್ಟು ತಿಳಿಸಿ.