ನನ್ನ ಬ್ಲೌಸ್ ಕಟಿಂಗ್ ವಿಡಿಯೊಕ್ಕ ಅಳೋ ಸಂಗೀತ ಹಾಕ್ಯಾರ, ಏನ್ ಮಾಡ್ಲಿ?

ಖಣದ ಕತ್ತರಿ, ವಿಜಯಪುರ:
ಎಲ್ಲಾರಿಗೂ ನಮಸ್ಕಾರ್ರಿ. ವಿಜಯಪುರದಾಗ ಮನ್ಯಾಗ ಕುಂತು ಹೊಲಿಗಿ ಮಾಡ್ತೀನಿ. ಯೂಟ್ಯೂಬಿನಾಗ ಬ್ಲೌಸ್ ಕಟಿಂಗ್ ಹಾಕತೀನಿ, ಹಿಜಾಬ್ ಹಾಕ್ಕೊಂಡೇ. ಹೋದ ತಿಂಗಳು ಗುಳೇದಗುಡ್ಡದ ಖಣದ ಬ್ಲೌಸ್ ತೋರಿಸಿದ್ದೆ. ಖಣದ ಅಗಲ ಕಡಿಮಿ, ಅಂಚು ತೋಳಿಗೆ ಬರಬೇಕಂದ್ರ ಬಟ್ಟಿ ಹ್ಯಾಂಗ್ ಮಡಚಬೇಕು ಅಂತ 18 ನಿಮಿಷ ಹೇಳೇನಿ. ನಡುವ ಒಂದು ಕಡೆ ಸೂಜ್ಯಾಗ ದಾರ ಹೋಗವಲ್ದು ಅಂತ ಕಣ್ಣು ಸಣ್ಣ ಮಾಡಿ ತಲಿ ಬಗ್ಗಿಸೇನಿ.

ಅದ 10 ಸೆಕೆಂಡ್ ಒಂದು ಚಾನೆಲ್‌ನವರು ಎತಗೊಂಡಾರ. ಬಣ್ಣ ತಗದು ಕಪ್ಪು-ಬಿಳುಪು ಮಾಡಿ, ಹಿಂದ ಸಾರಂಗಿ ಕೊಯ್ಸಿ, ಮ್ಯಾಲೆ "ಪರದೆ ಹಿಂದಿನ ಕಣ್ಣೀರು" ಅಂತ ಬರದಾರ. ಕಣ್ಣೀರಲ್ರೀ, ದಾರ!

ಥಂಬ್‌ನೇಲ್‌ನಾಗ ಮತ್ತ ನಾನೂ ಇಲ್ಲ. ಯಾರದೋ ಎರಡು ಕಣ್ಣು, ಮುಖಾ ಮುಚ್ಚಿದ ನಖಾಬ್. ನಂದು ತಲಿ, ಕುತ್ತಿಗಿ ಅಷ್ಟ ಮುಚ್ಚತೈತಿ, ಮುಖಾ ಹಾಡಹಗಲ ಕಾಣತೈತಿ. ಅವರಿಗೆ ಎಲ್ಲಾ ಒಂದ. ಹಿಜಾಬ್ ಅಂತ ಹುಡುಕಿದ್ರ ಒಬ್ಬಾಕಿ ಅಳತಾಳ, ಇನ್ನೊಬ್ಬಾಕಿ 2022ರ ಫೆಬ್ರವರಿ ಕಾಲೇಜ್ ಗೇಟಿನ್ಯಾಗ ಕೂಗತಾಳ. ಕತ್ತರಿ ಹಿಡದಾಕಿ ಎಲ್ಲಿ?

ನಮ್ಮವರೂ ಕಮ್ಮಿ ಇಲ್ಲ ಮತ್ತ. ಹಣಿ ಮ್ಯಾಲೆ ನಾಕು ಕೂದಲಾ ಕಾಣತಾವ ಅಂತ 3 ಮಂದಿ ಬರದಾರ. ಖಣ ನೋಡ್ರೋ ಮಾರಾಯ್ರ!

ಇದನ್ನ ತಗಸಾಕ ಬರತೈತೇನು? ನನ್ನ ಹೆಸರು ಅವರಿಗೆ ಗೊತ್ತಾಗತೈತೇನು?

ಜಮಖಂಡಿ ಎಡಿಟರ್:
ಅಕ್ಕಾರ, ಎರಡು ದಾರಿ ಇದಾವೆ. ಶೂಟ್ ಮಾಡಿದ್ದು ನೀವೇ, ಹಾಗಾಗಿ ಕಾಪಿರೈಟ್ ದೂರು ಕೊಡಬಹುದು. ಆದರೆ ಅದರಲ್ಲಿ ನಿಮ್ಮ ಹೆಸರು ಅವರಿಗೆ ಹೋಗುತ್ತದೆ. ಅವರು ತಿರುಗಿ ಪ್ರತಿ-ನೋಟಿಸ್ ಹಾಕಿದರೆ, ನೀವು 10 ಕೆಲಸದ ದಿನಗಳೊಳಗೆ ಕೋರ್ಟಿಗೆ ಹೋಗಿದ್ದಕ್ಕೆ ದಾಖಲೆ ಕೊಡಬೇಕು, ಇಲ್ಲದಿದ್ದರೆ ವಿಡಿಯೊ ವಾಪಸ್ ಬರಬಹುದು. ಇನ್ನೊಂದು ಪ್ರೈವೆಸಿ ದೂರು. ನಿಮ್ಮ ಮುಖ ಗುರುತು ಸಿಗುತ್ತದಲ್ಲ, ಮೊದಲು ಅದನ್ನೇ ಕೊಡಿ. ತೆಗೆಯಲು ಇಲ್ಲವೇ ತಿದ್ದಲು ಯೂಟ್ಯೂಬ್ ಅವರಿಗೆ 48 ತಾಸು ಕೊಡಬಹುದು. ಮೊದಲು ಲಿಂಕು, ನಿಮಿಷ-ಸೆಕೆಂಡು ಬರೆದಿಟ್ಟುಕೊಳ್ಳಿ, ಸ್ಕ್ರೀನ್‌ಶಾಟ್ ತೆಗೆಯಿರಿ.

ಇನ್ನೊಂದು ಹೇಳಲೇಬೇಕು. ಮದುವೆ ಸೀಸನ್ ಇಲ್ಲದಾಗ ನಾನೂ ಇಂಥ ಥಂಬ್‌ನೇಲ್ ಮಾಡಿಕೊಟ್ಟಿದ್ದೇನೆ. ಒಂದೇ ವಿಡಿಯೊಕ್ಕೆ 3 ಚಿತ್ರ ಹಾಕಿದರೆ, ಯಾವುದಕ್ಕೆ ಜನ ಹೆಚ್ಚು ಹೊತ್ತು ನೋಡುತ್ತಾರೆ ಅಂತ ಯೂಟ್ಯೂಬೇ ಪರೀಕ್ಷೆ ಮಾಡಿ ಹೇಳುತ್ತದೆ. ಬರೀ ಕಣ್ಣಿನ ಚಿತ್ರ ಗೆದ್ದಿತ್ತು. ಮುಂದಿನ ಸಲ ಗಿರಾಕಿ ಅದನ್ನೇ ಕೇಳಿದ, ನಾನು ಅದನ್ನೇ ಕೊಟ್ಟೆ.

ಬಾಗಲಕೋಟಿ ಮೇಡಂ:
ನಿಮ್ಮ ಸಿಟ್ಟು ಅರ್ಥ ಆಗ್ತದ. ಆದ್ರ ಗೇಟಿನ ವಿಡಿಯೊ ಅಂತ ಒಮ್ಮೆಲೆ ತಳ್ಳಿಹಾಕಬ್ಯಾಡ್ರಿ. ಫೆಬ್ರವರಿ 5ರ ಸಮವಸ್ತ್ರದ ಸರ್ಕಾರಿ ಆದೇಶದ ನಂತರ ಹುಡುಗಿಯರು ಹೊರಗ ನಿಂತಿದ್ದು ಖರೇನ. ಮಾರ್ಚ್ 15ಕ್ಕ ಹೈಕೋರ್ಟ್ ಆ ಆದೇಶ ಎತ್ತಿಹಿಡೀತು, ಅಕ್ಟೋಬರ್ 13ಕ್ಕ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬ್ಯಾರೆ ಬ್ಯಾರೆ ತೀರ್ಪು ಕೊಟ್ರು. ಆ ವಿಡಿಯೊ ಇರಲಿ, ದಾಖಲಿ ಅದು.

ಖಣದ ಕತ್ತರಿ:
ಅಳಿಸ್ರಿ ಅಂದಿಲ್ಲ ಮೇಡಂ. ನಮ್ಮ ತಂಗಿ ಮಗಳು ಆಗ ಪಿಯುಸಿ. ಆಕಿ ಗೇಟಿನ್ಯಾಗ ನಿಂತಾಗ 4 ಮೊಬೈಲು ಮುಂದ ಇದ್ದವಂತ. ಈಗ ಇಲ್ಲೇ ಮಹಿಳಾ ವಿಶ್ವವಿದ್ಯಾಲಯದಾಗ ಓದತಾಳ. ದಿನಾ ಮುಂಜಾನೆ ಒಂದು ಕೈಯಾಗ ಪಿನ್ನು, ಒಂದು ಕೈಯಾಗ ಚಪಾತಿ ಸುರಳಿ ಹಿಡಕೊಂಡು ಬಸ್ಸಿಗೆ ಓಡತಾಳ. ಅಲ್ಲಿ ಒಂದು ಮೊಬೈಲೂ ಇರಂಗಿಲ್ಲ.

ಎಡಿಟರ್ ಅವರ, ಖರೆ ಹೇಳಿದ್ರಿ, ಬೈಯಂಗಿಲ್ಲ. ಪ್ರೈವೆಸಿ ದೂರು ಈಗ ಹಾಕಿದೆ.

ಇಳಕಲ್ ಟೇಲರ್:
ನಡುವ ಬಾಯಿ ಹಾಕತೀನಿ. ನಿಮ್ಮ ಖಣದ ವಿಡಿಯೊ ಪೂರ್ತಿ ನೋಡ್ದೆ. ಅಂಚು ಛಲೋ ಕೂಡ್ಸೀರಿ. ಆದ್ರ ಲೈನಿಂಗ್ ಬಟ್ಟಿ ನೀರಾಗ ಅದ್ದಲಾರ್ದ ಕತ್ತರಿಸೀರಿ. ಎರಡ ಸಲ ಒಗದ್ರ ತೋಳು ಎಳೀತೈತಿ ನೋಡ್ರಿ.

ಖಣದ ಕತ್ತರಿ:
ಯಾರ್ ಹೇಳಿದ್ರು ಅದ್ದಿಲ್ಲಂತ? ಹಿಂದಿನ ರಾತ್ರೀನ ಬಕೀಟಿನ್ಯಾಗ ಹಾಕಿದ್ದೆ, ವಿಡಿಯೊ ಉದ್ದ ಆಗತೈತಿ ಅಂತ ತೋರಿಸಿಲ್ಲ ಅಷ್ಟ. 3ನೇ ನಿಮಿಷ ನಿಲ್ಲಿಸಿ ನೋಡ್ರಿ, ಇಸ್ತ್ರಿ ಹೊಡದ ಗೆರಿ ಕಾಣತೈತಿ. ಹಿಜಾಬಿಗೆ ಏನರ ಅನ್ರಿ, ಹೊಲಿಗಿಗೆ ಹೆಸರಿಡಬ್ಯಾಡ್ರಿ.