ಅಪ್‌ಡೇಟ್: ಸ್ಕಾಟ್ಲೆಂಡಿನ ಬೆಟ್ಟ ಹತ್ತಿ ಬಂದೆ

ಕೊಡಚಾದ್ರಿ ಹತ್ತಿದ ಅನುಭವ ಇಟ್ಕೊಂಡು ಗ್ಲಾಸ್ಗೋದ ಚಾರಣ ಕ್ಲಬ್ ಜೊತೆ ಏಪ್ರಿಲ್‌ನಲ್ಲಿ ಬೆಟ್ಟಕ್ಕೆ ಹೋಗಬಹುದಾ, ಐಸ್ ಆಕ್ಸ್ (ಹಿಮದಲ್ಲಿ ಜಾರದಂತೆ ಹಿಡಿಯೋ ಸಣ್ಣ ಕೊಡಲಿ) ಬೇಕಾ ಅಂತ ಕೇಳಿದ್ದೆನಲ್ಲ, ಹೋಗಿ ಬಂದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಹತ್ತಿದ್ದು ಬೇನ್ ನ ಲಾಪ್. ಕೊರೌರ್ ಸ್ಟೇಷನ್ನಿನಿಂದ ನಡಿಗೆ ಶುರು. ಅಲ್ಲಿಗೆ ಸಾರ್ವಜನಿಕ ರಸ್ತೆಯೇ ಇಲ್ಲ, ರೈಲಲ್ಲೇ ಹೋಗಬೇಕು. ಸ್ಟೇಷನ್ ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ, ಬೆಟ್ಟದ ತುದಿ 935. ಅಂದ್ರೆ ತುದಿ ಮುಟ್ಟಿದರೂ ಹೆಚ್ಚುಕಮ್ಮಿ ಬೆಂಗಳೂರಿನಷ್ಟೇ ಎತ್ತರ! ನಗಬೇಡಿ. ಮೇಲಿನ ಗಾಳಿಗೆ ಬೆರಳು ಮರಗಟ್ಟಿ, ಚಪಾತಿ ಡಬ್ಬಿಯ ಮುಚ್ಚಳ ತೆಗೆಯೋಕೂ ಆಗಲಿಲ್ಲ.

ಏರು ಕಷ್ಟವಲ್ಲ, ಕೆಸರೇ ಕಷ್ಟ. ತಿಳಿ ಹಸಿರು ಪಾಚಿ ನೋಡೋಕೆ ಮೆತ್ತಗೆ, ಚಂದ. ಕಾಲಿಟ್ಟರೆ ಹಿಮ್ಮಡಿ ದಾಟಿ ಕಪ್ಪು ನೀರು. ಒಣಗಿದ ಹುಲ್ಲಿನ ಗಡ್ಡೆಗಳ ಮೇಲೆ ಹೆಜ್ಜೆ ಇಡು ಅಂತ ಮುಂದಿದ್ದ ಅಜ್ಜ ಹೇಳಿಕೊಟ್ಟರು. ವಯಸ್ಸು ಎಪ್ಪತ್ತು ದಾಟಿದೆ, ಏದುಸಿರೂ ಬಿಡಲ್ಲ ಅವರು. ಮೇಲೆ ಕಲ್ಲುಗಳ ನಡುವೆ ಟಾರ್ಮಿಗನ್ ಹಕ್ಕಿ ಕಂಡಿತು. ಚಳಿಗಾಲದ ಬಿಳಿ ಗರಿ ಉದುರುತ್ತಿತ್ತು, ಅರ್ಧ ಬೂದು, ಅರ್ಧ ಬಿಳಿ.

ಐಸ್ ಆಕ್ಸ್ ಬಳಸಲಿಲ್ಲ, ಹಿಮ ಅಲ್ಲಲ್ಲಿ ಮಾತ್ರ ಇತ್ತು. ಆದರೆ ಪ್ರತಿ ಏಪ್ರಿಲ್ ಹೀಗೇ ಇರಲ್ಲವಂತೆ, ಹಿಂದಿನ ದಿನದ ಹವಾಮಾನ ವರದಿ ನೋಡಿಯೇ ನಿರ್ಧರಿಸೋದು. ದಿನಕ್ಕೆ ಕೆಲವೇ ರೈಲು, ಹಾಗಾಗಿ ತುದಿ ಸಿಗಲಿ ಬಿಡಲಿ, ಇಷ್ಟು ಗಂಟೆಗೆ ವಾಪಸ್ ಅಂತ ಮೊದಲೇ ತೀರ್ಮಾನ.

ಮೇ ತಿಂಗಳಲ್ಲಿ ಮತ್ತೆ ಹೊರಡ್ತಿದೀವಿ. ಕೆಸರಿಗೆ ಒಳ್ಳೆ ಗೇಟರ್ (ಬೂಟಿನ ಮೇಲೆ ಕಾಲಿಗೆ ಕಟ್ಟೋ ಹೊದಿಕೆ) ಯಾವುದು, ಯಾರಾದರೂ ಹೇಳ್ತೀರಾ?